ತಾಮ್ರದ ಕೊಡದ ನೀರು

ಜುಲೈ 8, ಸೋಮವಾರ

ಬೆಳಗಿನ ಜಾವ ಕೆಟ್ಟ ಕನಸು ಬಿತ್ತು. ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಕರೆಂಟು ಹೋಗಿದೆ. ಶೀತಲ ಮೇಡಂ ತನ್ನ ನೇರಳೆ ದೀಪವನ್ನು ನನ್ನ ಕೈಗಳ ಮೇಲೆ ಹಿಡಿದಿದ್ದಾಳೆ. ಬೆರಳೆಲ್ಲ ಹಸಿರಾಗಿ ಹೊಳೆಯುತ್ತಿವೆ. ಪ್ರಿನ್ಸಿಪಾಲರು, ಹುಡುಗರು, ತೀರಿಹೋದ ನಮ್ಮನೆಯವರು, ಎಲ್ಲರೂ ಸಾಲಾಗಿ ನಿಂತು ನೋಡುತ್ತಿದ್ದಾರೆ. ತೊಳೆದಷ್ಟೂ ಹಸಿರು ಹೆಚ್ಚುತ್ತದೆ. ಎದ್ದು ಲೈಟು ಹಾಕಿ ಕೈ ನೋಡಿಕೊಂಡೆ. ಉಗುರಿನಲ್ಲಿ ಜೋಳದ ಹಿಟ್ಟು ಬಿಟ್ಟರೆ ಏನೂ ಇರಲಿಲ್ಲ. ಆದರೂ ಸೋಪು ಹಚ್ಚಿ ತೊಳೆದೆ.

ಇದಕ್ಕೆಲ್ಲ ಶನಿವಾರ ಮೇಡಂ ಜೊತೆ ಆದ ಜಗಳವೇ ಮೂಲ. ನಾನು ಆ ಲ್ಯಾಬಿನಲ್ಲಿ ಗಾಜಿನ ಪಾತ್ರೆ ತೊಳೆಯುವವಳು. ಆಕೆ ಪಿಎಚ್‌ಡಿಗೆಂದು ಬಿಳಿ ಪುಡಿ ಮಾಡುತ್ತಾಳೆ. ಸತುವಿನ ಉಪ್ಪನ್ನು ನೀರಿನಲ್ಲಿ ಕರಗಿಸಿ, ಚಿಟಿಕೆ ಮ್ಯಾಂಗನೀಸ್ ಸೇರಿಸಿ, ಮೇಲಿಂದ ಕೊಳೆತ ಮೊಟ್ಟೆ ವಾಸನೆಯ ಸಲ್ಫೈಡ್ ಹನಿಹನಿಯಾಗಿ ಬಿಡುತ್ತಾಳೆ. ಹಾಲು ಒಡೆದಂತೆ ಬಿಳಿ ಕೂಡುತ್ತದೆ. ಅದನ್ನು ಡಿಸ್ಟಿಲ್ಡ್ ವಾಟರಿನಲ್ಲಿ ಮೇಲಿಂದ ಮೇಲೆ ತೊಳೆದು ಒಣಗಿಸುವುದು. ಹಗಲಲ್ಲಿ ಅದು ರಂಗೋಲಿ ಪುಡಿಯಷ್ಟೂ ಚೆಂದವಿಲ್ಲ. ಕತ್ತಲೆಯಲ್ಲಿ ನೇರಳೆ ದೀಪ ಹಿಡಿದರೆ ಮಾತ್ರ ಕಿತ್ತಳೆ ಬಣ್ಣಕ್ಕೆ ಬೆಳಗಬೇಕು. ಕಾಲೇಜಿನ ಮೈಕ್ರೊಸ್ಕೋಪಿಗೂ ಕಾಣದಷ್ಟು ಸಣ್ಣ ಕಣವಂತೆ. ಕಾಣದ್ದು ನನ್ನ ಮೂಗಿನೊಳಗೆ ಎಷ್ಟು ಹೋಗಿದೆಯೋ ಯಾರಿಗೆ ಗೊತ್ತು.

ಶನಿವಾರದ ಪುಡಿ ಕಿತ್ತಳೆಯಾಗಲಿಲ್ಲ. ಮಂಕು ಹಸಿರಾಯಿತು.

‘ಬೀಕರ್ ಯಾರು ತೊಳದಾರ?’ ಅಂದಳು.

‘ನಾನೇರಿ.’

‘ಮತ್ತ ಕೇಳೂದೇನದ. ಆಡಿಗೆ ನೀರ ತೋರಿಸಿದಂಗ ತೋರಿಸಿರತೀರಿ.’

ನಾನು ತವರೂರು ಹುಡಗಿಯಲ್ಲಿ ಏಳನೇ ಇಯತ್ತೆಗೇ ಶಾಲೆ ಬಿಟ್ಟು ಆಡು ಕಾದದ್ದು ಆಕೆಗೆ ಯಾರು ಹೇಳಿದರೋ. ಹುಡುಗರ ಮುಂದೆ ಅಂದಳು.

ನನ್ನದೇನೂ ತಪ್ಪಿಲ್ಲ. ಜೂನಿನಲ್ಲಿ ರಜೆ ಮುಗಿದು ಬಂದಾಗ ನೀರಿನ ಪ್ಲಾಸ್ಟಿಕ್ ಕ್ಯಾನಿನಲ್ಲಿ ಪಾಚಿ ಕಟ್ಟಿತ್ತು. ಅದನ್ನೂ ಹೀಗೇ ಎತ್ತಿ ತೋರಿಸಿ, ‘ಇದರಾಗ ಎಮ್ಮೀನೂ ಬಾಯಿ ಹಾಕಂಗಿಲ್ಲ, ನೀರು ಸ್ವಚ್ಛ ಇಡೂದು ಕಲೀರಿ’ ಅಂದಿದ್ದಳು. ಆಕೆಯ ಬಾಯಿ ಮುಚ್ಚಿಸಬೇಕೆಂದು ಮರುದಿನವೇ ನಮ್ಮ ಅತ್ತೆಯ ಕಾಲದ ತಾಮ್ರದ ಕೊಡವನ್ನು ಹುಮನಾಬಾದಿನ ಪಕ್ಕದ ಮಾಣಿಕನಗರದ ನಮ್ಮ ಮನೆಯಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಒಯ್ದೆ. ಈಗ ಸ್ಟೋರ್ ರೂಮಿನಲ್ಲಿ ಬಟ್ಟಿ ಇಳಿಸಿದ ನೀರೆಲ್ಲ ಅದರಲ್ಲಿ. ಪ್ರತಿ ಶನಿವಾರ ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕುತ್ತೇನೆ. ಬಟ್ಟಿ ನೀರು ಸುಮ್ಮನೆ ಚೆಲ್ಲಬಾರದೆಂದು ಒಂದೇ ಸಲ ತೊಳೆದು ತುಂಬುತ್ತೇನೆ. ಬಂಗಾರದಂತೆ ಹೊಳೆಯುತ್ತದೆ. ದೇವರ ನೀರು ಇಡುವ ಪಾತ್ರೆ ಅದು. ಅದಕ್ಕಿಂತ ಸ್ವಚ್ಛ ಇನ್ನೇನಿದೆ.

ಆಕೆ ಅದನ್ನು ನೋಡಿಲ್ಲ. ಸ್ಟೋರಿನಲ್ಲಿ ನಮ್ಮೂರ ಮಠದ ಮಾಣಿಕಪ್ರಭುಗಳ ಫೋಟೋ ಇದೆ, ಚಪ್ಪಲಿ ಬಿಚ್ಚಿ ಬರಬೇಕು. ಆಕೆಗೆ ಆಗುವುದಿಲ್ಲ. ಹೊಸ್ತಿಲಾಚೆ ನಿಂತು, ‘ನೀರ’ ಎಂದು ಕೂಗುತ್ತಾಳೆ. ನಾನು ಬಾಟಲಿ ತುಂಬಿ ಕೊಡುತ್ತೇನೆ. ಹುಲಸೂರಿನ ಜಮೀನ್ದಾರರ ಮಗಳಿಗೆ ಎರಡು ಪಟ್ಟಿ ಬಿಚ್ಚುವುದೂ ಭಾರ.

ಜುಲೈ 12

ಪ್ರಿನ್ಸಿಪಾಲ್ ಮಹಾರುದ್ರಪ್ಪ ಸರ್ ಕರೆಸಿದ್ದರು. ಕೂತುಕೊಳ್ಳಿ ಅನ್ನಲಿಲ್ಲ. ಬಾಗಿಲ ಹತ್ತಿರವೇ ನಿಂತೆ.

‘ಶಕುಂತಲಾಬಾಯಿ, ಶೀತಲ ಮೇಡಂ ನಿಮ್ಮ ಮ್ಯಾಲ ಬರದು ಕೊಟ್ಟಾರ.’

‘ಗಾಜು ಸ್ವಚ್ಛ ತೊಳೀತೀನ್ರಿ ಸರ್.’

‘ಅದು ನನಗೇನ್ ಗೊತ್ತು. ಸೆಪ್ಟೆಂಬರ್‌ಕ್ಕ ನಿಮ್ಮ ಕೆಲಸದ ಆರ್ಡರ್ ಮುಗೀತದ. ಮುಂದುವರಸಬೇಕಂದ್ರ ಲ್ಯಾಬಿನವ್ರ ಸಹಿ ಬೇಕು. ಆಕಿ ಮಾಡಿದ್ರ ನಾ ಮಾಡ್ತೀನಿ. ಇಲ್ಲಂದ್ರ ಇಲ್ಲ.’

ಮಗಳು ಸಾಕ್ಷಿ ಈಗಷ್ಟೇ ನರ್ಸಿಂಗ್ ಎರಡನೇ ವರ್ಷಕ್ಕೆ ಬಂದಿದ್ದಾಳೆ. ಆಕೆಯ ಓದೂ ನನ್ನ ಹಾಗೆ ನಡುವೆ ಹರಿದುಹೋದರೆ? ಮನೆಗೆ ಬಂದು ಮಗಳ ಮುಂದೆ ಏನೂ ಹೇಳಲಿಲ್ಲ. ಅನ್ನಕ್ಕೆ ಎರಡು ಸಲ ಉಪ್ಪು ಹಾಕಿದೆ. ‘ಅವ್ವಾ, ಯಾರ ಜೋಡಿ ಜಗಳ ಮಾಡಿ ಬಂದೀ’ ಎಂದಳು.

ಜುಲೈ 19

ಎಲ್ಲ ಗಾಜನ್ನೂ ಮತ್ತೆ ತೊಳೆದೆ. ಕೊಡವನ್ನು ಹುಣಸೆಹಣ್ಣು ಹಚ್ಚಿ ಇನ್ನೂ ಜೋರಾಗಿ ತಿಕ್ಕಿದೆ. ಮತ್ತೂ ಹಸಿರು. ಈ ಸಲ ಮೊದಲಿಗಿಂತ ಚೊಕ್ಕ ಹಸಿರು. ಬಾಯಿಗೆ ಬಂದದ್ದು ಅಂದಳು. ಬರೆಯುವುದಿಲ್ಲ.

ಆಕೆಯ ಪುಡಿಗೆ ಮಣ್ಣು ಬೀಳಲಿ.

ಜುಲೈ 20

ನಿನ್ನೆ ಬರೆದದ್ದನ್ನು ಹೊಡೆದು ಹಾಕಬೇಕೆನ್ನಿಸಿತು. ಶಾಪ ತಿರುಗಿ ನಮಗೇ ತಟ್ಟುತ್ತದಂತೆ. ಹೊಡೆದು ಹಾಕಲಿಲ್ಲ.

ಆಗಸ್ಟ್ 3

ಇವತ್ತು ಪೇಢೆ ಕೊಟ್ಟಳು. ನನಗೆ ಬೈಗುಳಕ್ಕಿಂತ ಹೆಚ್ಚು ಹೆದರಿಕೆಯಾಯಿತು.

ಕಲಬುರಗಿಗೆ ಹೋಗಿ ತನ್ನ ಗೈಡ್ ಸರ್‌ಗೆ ಹಸಿರು ಪುಡಿ ತೋರಿಸಿ ಬಂದಿದ್ದಾಳೆ. ಅವರು ಅಲ್ಲಿಯ ಬೆಳಕು ಅಳೆಯುವ ಯಂತ್ರಕ್ಕೆ ಹಾಕಿ ನೋಡಿದರಂತೆ. ಮ್ಯಾಂಗನೀಸ್ ಹಾಕಿದ್ದಕ್ಕೆ ಕಿತ್ತಳೆ ಬರುವುದು ಲೋಕಕ್ಕೆಲ್ಲ ಗೊತ್ತು, ಹಸಿರು ಬಂದದ್ದು ಹೊಸದು, ಇದನ್ನೇ ಹಿಡಿದು ಪೇಪರ್ ಬರಿ ಅಂದರಂತೆ. ಹುಡುಗರಿಗೆಲ್ಲ ಹೇಳುತ್ತ ಪೇಢೆಯ ಡಬ್ಬಿ ನನ್ನ ಮುಂದೆ ಹಿಡಿದಳು.

‘ತಗೋರಿ ಬಾಯಿ. ನಿಮ್ಮ ಹೊಲಸು ಬೀಕರಿಂದ ನನ್ನ ನಸೀಬು ತೆರೀತು.’

ಹುಡುಗರು ನಕ್ಕರು. ನಾನು ಪೇಢೆ ಬಾಯಿಗೆ ಹಾಕಿಕೊಂಡೆ.

‘ಸರ್ ಒಂದ ಮಾತು ಕೇಳಿದ್ರು,’ ಎಂದು ಮುಂದುವರಿಸಿದಳು. ‘ಇದರಾಗ ತಾಮ್ರ ಕೂಡೇದೇನು ಅಂತ. ತಾಮ್ರ ಕೂಡಿದ್ರ ಹಸಿರು ಬಂದೇ ಬರ್ತದ, ಅದು ಹಳೇ ಕಥಿ. ನಾ ಎದಿ ತಟ್ಟಿ ಹೇಳಿದೆ, ನನ್ನ ಲ್ಯಾಬಿನ್ಯಾಗ ತಾಮ್ರದ ಚೂರೂ ಇಲ್ರಿ, ನೀರು ಸುದ್ದಾ ಗಾಜಿಂದ ಗಾಜಿಗೆ ಹೋಗ್ತದ.’

ನಾನು ಸ್ಟೋರಿನ ಬಾಗಿಲ ಕಡೆ ನೋಡಿದೆ.

‘ಎಷ್ಟು ತಾಮ್ರ ಬಿದ್ರ ಹಸಿರಾಗತದ್ರಿ?’ ಎಂದು ಕೇಳಿಬಿಟ್ಟೆ.

‘ಹೆಪ್ಪಿಗಿಂತ ಕಡಿಮಿ. ಗಡಿಗಿ ಹಾಲಿಗೆ ಒಂದ ಹನಿ ಮಜ್ಜಿಗಿ ಸಾಕಲ್ಲ, ಡೋಪಿಂಗ್ ಅಂದ್ರ ಹಂಗ. ಹೊರಗಿನದು ಒಂಚೂರು ಒಳಗ ಕುಂತ್ರ ಎಲ್ಲಾದರ ಬಣ್ಣ ಅದೇ ಹೇಳ್ತದ. ಯಾಕ, ನೀವೂ ಪಿಎಚ್‌ಡಿ ಮಾಡವ್ರೇನು?’

ಮತ್ತೆ ನಗು. ನಾನು ಕೈ ತೊಳೆಯುವ ನೆವದಲ್ಲಿ ಸ್ಟೋರಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಕೊಡ ಅಲ್ಲೇ ಕೂತಿತ್ತು. ಏನೂ ಗೊತ್ತಿಲ್ಲದ ಮುಖ ಮಾಡಿಕೊಂಡು.

ಆಗಸ್ಟ್ 5, ಸೋಮವಾರ

 ಇವತ್ತು ಬೇಗ ಹೋಗಿ ಕೊಡ ಬರಿದು ಮಾಡಿ ಬಿಸಿಲಿಗೆ ಹಿಡಿದು ಒಳಗೆ ನೋಡಿದೆ. ಕಂಠದ ಮೆರುಗು ಮೆರುಗೇ. ತಳದ ಬೆಸುಗೆಯ ಗುಂಟ ಹಸಿರು ಕಿಲುಬು. ಸಣ್ಣಗೆ, ದಾರದ ಹಾಗೆ. ಹುಣಸೆಹಣ್ಣು ಹಚ್ಚಿದ ಪಾತ್ರೆ ನೆಟ್ಟಗೆ ತೊಳೆಯದಿದ್ದರೆ ಕಿಲುಬು ಕಟ್ಟುತ್ತದೆ ಎಂದು ನಮ್ಮ ಅತ್ತೆ ಬೈಯುತ್ತಿದ್ದದ್ದು ನೆನಪಾಯಿತು. ಬೈಸಿಕೊಂಡಾಗ ಕಿವಿಗೆ ಹಾಕಿಕೊಂಡಿರಲಿಲ್ಲ.

ಹೇಳಿದರೆ ಇವತ್ತೇ ಮನೆಗೆ ಕಳಿಸುತ್ತಾಳೆ. ಕೊಡವನ್ನು ಚೀಲಕ್ಕೆ ಹಾಕಿ ಸಂಜೆಯ ಬಸ್ಸಿಗೆ ಬಂದೆ. ‘ಬಾಯಿ, ಪೂಜಾ ಅದೇನು’ ಎಂದು ಕಂಡಕ್ಟರ್ ಕೇಳಿದ. ಹೌದೆಂದೆ. ಇನ್ನು ಮೇಲೆ ನೀರು ಗಾಜಿನ ಜಾಡಿಯಲ್ಲೇ. ಯಾರಿಗೂ ಗೊತ್ತಾಗುವುದು ಬೇಡ. ಕೊಡ ಮನೆಯಲ್ಲಿ ದೇವರ ನೀರಿಗಿರಲಿ, ದಿನಾ ಬೂದಿ ಹಚ್ಚಿ ತೊಳೆದರಾಯಿತು.

ಆಗಸ್ಟ್ 13

ಕಿತ್ತಳೆ ಬಂತು.

ಆಕೆ ಪರದೆ ಎಳೆದು ದೀಪ ಹಾಕುವಾಗ ನಾನು ಬಾಗಿಲ ಹತ್ತಿರ ಒರೆಸುತ್ತಿದ್ದೆ. ನೋಡಬಾರದು, ಕಣ್ಣು ಹೋಗುತ್ತವೆ ಎಂದುಕೊಂಡೇ ನೋಡಿದೆ. ಕೆಂಡಕ್ಕೆ ಬೂದಿ ಮುಚ್ಚಿದಾಗ ಒಳಗಿಂದ ಕಾಣುವ ಬಣ್ಣ. ಇಷ್ಟು ವರ್ಷ ಈ ಲ್ಯಾಬಿನಲ್ಲಿ ಇದ್ದು ಒಂದು ಸಲವೂ ಸರಿಯಾಗಿ ನೋಡಿರಲಿಲ್ಲ. ಬೆಂಕಿಯಿಲ್ಲ, ಶಾಖವಿಲ್ಲ, ಬರೀ ಬೆಳಕು.

ದೀಪ ಆರಿಸಿದ್ದೇ ನನ್ನ ಮೇಲೆ ಬಿದ್ದಳು.

‘ಏನ್ ಬದಲಿ ಮಾಡೀರಿ?’

‘ಏನಿಲ್ರಿ.’

‘ಸುಳ್ಳ ಹೇಳಬ್ಯಾಡ್ರಿ. ಒಂದು ತಿಂಗಳು ಹಸಿರು ಬಂತು, ಪೇಪರ್ ಬರಿಯೂ ಹೊತ್ತಿಗೆ ಕಿತ್ತಳಿ ಬಂತು. ನಾ ಬರದು ಕೊಟ್ಟದ್ದಕ್ಕ ಸೇಡು ತೀರಸ್ಕೊಳ್ಳಾಕತ್ತೀರಿ.’

‘ಹಸಿರು ಬಂದಾಗೂ ಬೈದ್ರಿ, ಕಿತ್ತಳಿ ಬಂದಾಗೂ ಬೈತೀರಿ. ನಾ ಏನು ಬಣ್ಣದ ಅಂಗಡಿ ಇಟ್ಟೀನೇನ್ರಿ?’

ಜೀವನದಲ್ಲಿ ಮೊದಲ ಸಲ ಹಾಗೆ ತಿರುಗಿ ಅಂದೆ. ಆಕೆ ಸ್ಟೂಲಿನ ಮೇಲೆ ಕೂತು ಪುಡಿಯ ಬಾಟಲಿಗಳನ್ನು ಒಂದರ ಪಕ್ಕ ಒಂದು ಜೋಡಿಸತೊಡಗಿದಳು. ತನ್ನ ಊಟದ ಡಬ್ಬಿ ಬಿಚ್ಚಿರಲಿಲ್ಲ. ನನ್ನ ಡಬ್ಬಿಯಲ್ಲಿ ರೊಟ್ಟಿ ಹೆಚ್ಚಾಗಿತ್ತು, ಕೆಡಬಾರದೆಂದು ಶೇಂಗಾ ಹಿಂಡಿ ಚಟ್ನಿಯ ಜೊತೆ ಆಕೆಯ ಟೇಬಲ್ಲಿನ ಮೇಲೆ ಇಟ್ಟೆ. ಬೇರೇನಿಲ್ಲ.

ಆಗಸ್ಟ್ 22

ಲೈಬ್ರರಿಯಲ್ಲಿ ಪುಸ್ತಕ ಜೋಡಿಸುವ ವಹೀದಾ ನನ್ನ ಜೊತೆಯೇ ಹುಮನಾಬಾದಿನಿಂದ ಬರುತ್ತಾಳೆ. ಯಾರಿಗಾದರೂ ಹೇಳದಿದ್ದರೆ ತಲೆ ಒಡೆಯುತ್ತಿತ್ತು. ಬಸ್ಸಿನಲ್ಲಿ ಎಲ್ಲ ಹೇಳಿದೆ.

‘ಇಷ್ಟೇನಾ ಅಕ್ಕಾ? ಕೊಡ ವಾಪಸ್ ಒಯ್ದಿಡು,’ ಅಂದಳು. ‘ಆಕೀಗ ಹಸಿರು ಬೇಕು, ನಿನಗ ಆರ್ಡರ್ ಬೇಕು. ಎರಡೂ ಒಂದೇ ಕೊಡದಾಗ ಅವ. ಖಾಲಿಪೀಲಿ ಫಿಕರ್ ಯಾಕ?’

‘ಮುಂದ ಪೇಪರ್ ನೋಡವ್ರು ದೊಡ್ಡ ಮಶೀನಿನ್ಯಾಗ ಇಟ್ರ? ತಾಮ್ರ ಸಿಕ್ರ?’

‘ಆಕಿ ಫಜೀತಿ ಆಗತದ. ನಿನಗೇನು? ಹುಡುಗರ ಮುಂದ ನಿನ್ನ ಆಡು ಕಾಯಾಕಿ ಅಂದಾಕಿ ಅಲ್ಲೇನು?’

‘ಅಂದಾಳ.’

‘ಮತ್ತ?’

ಮತ್ತೆ ಏನು ಎಂದು ನನಗೂ ತಿಳಿಯಲಿಲ್ಲ. ಅಂದದ್ದು ನಿಜ, ಮರೆತಿಲ್ಲ. ಆದರೆ ಗೈಡ್ ಸರ್ ಮುಂದೆ ಎದೆ ತಟ್ಟಿಕೊಂಡದ್ದು ಆ ಹುಡುಗಿ. ತಟ್ಟಿದ ಕೈ ಆಕೆಯದು, ಸುಳ್ಳು ನನ್ನ ಕೊಡದ್ದು. ಇದನ್ನು ವಹೀದಾಳಿಗೆ ಹೇಗೆ ಹೇಳುವುದು. ‘ಟಿಕೀಟ್ ತಗೋ,’ ಎಂದೆ.

ಆಗಸ್ಟ್ 30

ಶೀತಲ ಮತ್ತೆ ಮತ್ತೆ ಮಾಡಿದಳು, ಎಲ್ಲವೂ ಕಿತ್ತಳೆ. ಸಲ್ಫೈಡಿನ ವಾಸನೆಗೆ ತಲೆನೋವೆಂದು ಕಿಟಕಿಯ ಹತ್ತಿರ ಕೂತಿದ್ದಳು. ಹಳೆಯ ಹಸಿರು ಪುಡಿಯ ಲೆಕ್ಕದಲ್ಲೇ ಪೇಪರ್ ಬರೆದು ಮುಗಿಸಿದ್ದಾಳಂತೆ. ಗಣಪತಿ ಹಬ್ಬ ಮುಗಿದ ಸೋಮವಾರ ಕಳಿಸುವುದಂತೆ.

ಒಂದು ಸಲ ಸ್ಟೋರಿಗೆ ಬರ್ರಿ, ಒಂದು ಮಾತು ಹೇಳೋದದ ಎಂದೆ. ‘ನಿಮ್ಮ ಗುಡಿಯೊಳಗ ಬರಾಕ ನನಗ ಪುರಸೊತ್ತಿಲ್ಲ’ ಎಂದಳು. ಇಷ್ಟು ಸೊಕ್ಕು ಇದ್ದವಳಿಗೆ ನಾನ್ಯಾಕೆ ಹೇಳಬೇಕು. ಹೇಳುವುದಿಲ್ಲ.

ಸೆಪ್ಟೆಂಬರ್ 3

ಹೇಳಿದೆ.

ಮನೆಯಿಂದ ಕೊಡ ಒಯ್ದು, ಹುಡುಗರು ಊಟಕ್ಕೆ ಹೋದ ಮೇಲೆ, ನೇರ ಆಕೆಯ ಟೇಬಲ್ಲಿನ ಮೇಲೆ ಇಟ್ಟೆ. ಠಣ್ ಅಂತು.

‘ಇದೇನು?’

‘ಜೂನ್‌ದಿಂದ ಆಗಸ್ಟ್ ತನಕ ನಿಮ್ಮ ನೀರು ಇದರಾಗ ಇತ್ತುರಿ.’

ಆಕೆ ಕೊಡವನ್ನು ನೋಡಿದಳು, ನನ್ನನ್ನು ನೋಡಿದಳು. 

‘ಯಾರು ಹೇಳಿ ಕಳಸ್ಯಾರ ನಿಮ್ಮನ್ನ?’

‘ಯಾರೂ ಇಲ್ರಿ.’

‘ಡಿಸ್ಟಿಲ್ಡ್ ವಾಟರ್ ತಾಮ್ರದಾಗ ಇಡತಾರೇನ್ರಿ? ಯಾವ ದೇಶದಾಗ?’

‘ಸ್ವಚ್ಛ ಇಡ್ರಿ ಅಂದ್ರಿ. ನಮ್ಮ ಮನ್ಯಾಗ ಇದಕ್ಕಿಂತ ಸ್ವಚ್ಛ ಪಾತ್ರಿ ಇಲ್ರಿ.’

‘ಬಾಯಿ ಬಿಟ್ಟು ಹೇಳಾಕೇನಾಗಿತ್ತು?’

‘ಸ್ಟೋರಿಗೆ ಒಂದ ಸಲ ಬಂದಿದ್ರ ಕಣ್ಣಿಗೆ ಬೀಳ್ತಿತ್ತು. ಚಪ್ಪಲಿ ಬಿಚ್ಚೂದಂದ್ರ ನಿಮಗ ಅವಮಾನ.’

ಹೊಡೆಯುತ್ತಾಳೆಂದುಕೊಂಡೆ. ಹೊಡೆಯಲಿಲ್ಲ. ಕೊಡವನ್ನು ತಾನೇ ಎತ್ತಿಕೊಂಡು ಸ್ಟೋರಿನ ಬಾಗಿಲಿಗೆ ಹೋದಳು. ಬಗ್ಗಿ ಚಪ್ಪಲಿ ಬಿಚ್ಚಲು ಹೊತ್ತಾಯಿತು. ಆಗ ನೋಡಿದೆ, ಬಲಗಾಲಿನ ಪಟ್ಟಿ ಹರಿದು ಸೇಫ್ಟಿ ಪಿನ್ನಿನಿಂದ ಚುಚ್ಚಿಕೊಂಡಿದ್ದಾಳೆ. ಪಿನ್ನು ಬಿಚ್ಚಿದರೆ ಮತ್ತೆ ಹಾಕುವುದು ಕಷ್ಟ. ನಾನು ನೋಡಿದ್ದು ಕಂಡು ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು. ಜಮೀನ್ದಾರರ ಮಗಳೆಂದು ಯಾರು ಹೇಳಿದ್ದರೋ ನನಗೆ. ನಾನೇ ಅಂದುಕೊಂಡದ್ದಿರಬೇಕು.

ಒಳಗೆ ಬಂದು ಕೊಡಕ್ಕೆ ನೀರು ತುಂಬಿಸಿದಳು.

‘ರಾತ್ರಿ ಹಿಂಗೇ ಇರಲಿ. ನಾಳೆ ಇದೇ ನೀರಲೆ ಪುಡಿ ಮಾಡ್ತೀನಿ. ಕಿತ್ತಳಿ ಬಂದ್ರ ಈ ಮಾತು ಇಲ್ಲಿಗೇ ಮುಗೀತು.’

‘ಹಸಿರು ಬಂದ್ರರಿ?’

‘ಬಂದ್ರ ಇಬ್ಬರದೂ ಮುಗೀತು.’

ಸೆಪ್ಟೆಂಬರ್ 5

ಕಿತ್ತಳೆ.

ಕತ್ತಲೆ ಕೋಣೆಯಲ್ಲಿ ಇಬ್ಬರೇ ಇದ್ದೆವು. ಕೊಡದ ನೀರಿನ ಪುಡಿ ಅಪ್ಪಟ ಕಿತ್ತಳೆಯಾಗಿ ಬೆಳಗಿತು. ಶೀತಲ ಮೊದಲು ಉಸಿರು ಬಿಟ್ಟಳು, ಆಮೇಲೆ ನಕ್ಕಳು. ಆಕೆ ನಗುವುದನ್ನು ನಾನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ.

‘ನಿಮ್ಮ ಕೊಡದ್ದು ತಪ್ಪಿಲ್ಲ ಬಾಯಿ. ಎರಡು ದಿನ ನನ್ನ ಜೀವ ತಿಂದ್ರಲ್ಲ. ಹಸಿರು ಬ್ಯಾರೆ ಯಾವುದೋ ಕಾರಣಕ್ಕ ಬಂದದ, ಸರ್ ಹೇಳಿದ್ದೇ ಖರೇ.’

‘ಖರೇನ್ರಿ?’

‘ಕಣ್ಣಾರೆ ನೋಡಿದ್ರಿ ಇಲ್ಲೋ? ಹೋಗ್ರಿ, ಆರ್ಡರ್ ಹಾಳಿ ತರ್ರಿ.’

ಅಲ್ಲೇ ಸಹಿ ಮಾಡಿದಳು. ಕೈಯಲ್ಲಿ ಹಾಳೆ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನ ತನಕ ನಡೆದದ್ದೇ ಗೊತ್ತಾಗಲಿಲ್ಲ. ವಹೀದಾಳಿಗೆ ಚಹಾ ಕುಡಿಸಿದೆ.

ಮನೆಗೆ ಬಂದರೆ ಸಾಕ್ಷಿ ಸಾರಿಗೆ ಹುಣಸೆಹಣ್ಣು ನೆನೆಹಾಕಿದ್ದಳು. ಅದರ ಒಂದು ಹನಿ ದೇವರ ತಾಮ್ರದ ತಟ್ಟೆಯ ಮೇಲೆ ಸಿಡಿದು, ಬಿದ್ದ ಕಡೆ ಕಪ್ಪು ಹೋಗಿ ಕೆಂಪಗೆ ಹೊಳೆಯುತ್ತಿತ್ತು.

ತಟ್ಟೆ ಎತ್ತಿ ದೀಪಕ್ಕೆ ಹಿಡಿದು ನೋಡಿದೆ.

ಹಸಿರು ಬಂದ ದಿನಗಳಲ್ಲಿ ಕೊಡವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದ್ದೆ. ತಾಮ್ರವನ್ನು ಕಿತ್ತು ನೀರಿಗೆ ಬಿಟ್ಟದ್ದು ಆ ಹುಳಿ. ಮನೆಗೆ ತಂದ ಮೇಲೆ ದಿನಾ ಬೂದಿ, ಬಾವಿಯ ನೀರು ಹೊಯ್ದು ಹೊಯ್ದು ತೊಳೆದಿದ್ದೇನೆ. ನಿನ್ನೆಯ ನೀರು ಆ ನೀರಲ್ಲ.

ಸೆಪ್ಟೆಂಬರ್ 6

ಸುಮ್ಮನಿರು, ಸಹಿ ಆಗಿದೆ ಎಂದು ಮಠದಲ್ಲಿ ಪ್ರಭುಗಳ ಮುಂದೆ ಕೂತು ನನಗೆ ನಾನೇ ಹೇಳಿಕೊಂಡೆ. ನನಗೆ ತೋಚಿದ್ದು ತಪ್ಪೂ ಇರಬಹುದು, ಏಳನೇ ಇಯತ್ತೆಯ ತಲೆ. ತಪ್ಪಿದ್ದರೆ ಒಳ್ಳೆಯದೇ. ಆದರೆ ತಪ್ಪೆಂದು ಯಾರು ನೋಡಿದ್ದಾರೆ?

ಮಹಾರುದ್ರಪ್ಪ ಸರ್ ಇನ್ನೂ ಸಹಿ ಮಾಡಿಲ್ಲ, ಸೋಮವಾರ ಅಂದಿದ್ದಾರೆ.

ಸೆಪ್ಟೆಂಬರ್ 8, ಭಾನುವಾರ

ಹಬ್ಬದ ಕಡುಬು ಯಾಕೋ ಸಪ್ಪೆ ಎಂದೆ. ಸರಿಯಾಗೇ ಅದ ಅವ್ವಾ ಎಂದಳು ಸಾಕ್ಷಿ.

ಆ ಹುಡುಗಿಗೆ ಇನ್ನೊಂದು ಸಲ ಬಾಯಿಂದ ಹೇಳಲು ಹೋದರೆ ಮತ್ತೆ ಜಗಳವಾಗುತ್ತದೆ, ನಾನು ಬೇರೇನೋ ಅಂದುಬಿಡುತ್ತೇನೆ. ನಾಳೆ ಮೊದಲ ಬಸ್ಸಿಗೆ ಹೋಗಿ, ಆಕೆ ಪೇಪರ್ ಕಳಿಸುವ ಮೊದಲೇ, ಒಂದು ಚೀಟಿ ಟೇಬಲ್ಲಿನ ಮೇಲೆ ಇಟ್ಟುಬಿಡುವುದು. ಚಿತ್ತಾಗದಂತೆ ಮೊದಲು ಇಲ್ಲಿ ಬರೆದುಕೊಳ್ಳುತ್ತೇನೆ. ಚೀಟಿಯ ಜೊತೆ ಒಂದು ಹೊಸ ಸೇಫ್ಟಿ ಪಿನ್ನೂ ಇಡಬೇಕು, ಸ್ಟೋರಿಗೆ ಬರಲು ಬೇಕಾಗುತ್ತದೆ.

ಶೀತಲ ಮೇಡಂ ಅವರಿಗೆ,

ನೀವು ಮಂಗಳವಾರ ನೀರು ತುಂಬಿದ ಕೊಡ ಬೂದಿಯಿಂದ ತೊಳೆದದ್ದು. ಹಸಿರು ಬಂದಾಗಿನ ಕೊಡ ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕಿ ಒಂದೇ ಸಲ ತೊಳೆದದ್ದು. ಇದನ್ನು ಆ ದಿನ ಹೇಳಲು ನನಗೆ ಹೊಳೆಯಲಿಲ್ಲ. ಆಗ ಹಚ್ಚಿದ್ದ ಹುಣಸೆಹಣ್ಣನ್ನೇ ಈ ಚೀಟಿಯ ಜೊತೆ ಕಟ್ಟಿದ್ದೇನೆ, ನಮ್ಮ ಮನೆಯದು, ಹಳೆಯದು. ತಿಕ್ಕಿ ಕೊಡುತ್ತೇನೆ, ಬೇಕಾದರೆ ನೀವೇ ತಿಕ್ಕಿ. ಪೇಪರ್ ಕಳಿಸುವ ಮುಂಚೆ ಆ ಕೊಡದ ನೀರಿನಲ್ಲಿ ಇನ್ನೊಮ್ಮೆ ಪುಡಿ ಮಾಡಿ ನೋಡಿರಿ.